ನಾಲ್ಕೂ ಇಪ್ಪತ್ತರ ಕರೆ

ಮುಖ್ಯ ಕಚೇರಿ
ಸೆಪ್ಟೆಂಬರ್ 4

ಅಕ್ಕನಿಗೆ ನಮಸ್ಕಾರ.

ಈ ಪತ್ರ ಆಫೀಸಿನ ಟಪಾಲು ಚೀಲದಲ್ಲಿ ಬರುತ್ತಿದೆ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಯಾರೂ ಸುಮ್ಮನೆ ಫೋನ್ ಮಾಡದಂತೆ ನೋಡಿಕೊಳ್ಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ನಾನೇ ಅಕ್ಕನ ಜೊತೆ ದೂರದ ಕರೆಯಲ್ಲಿ ಹರಟೆ ಹೊಡೆದರೆ ಚೆನ್ನಾಗಿರುವುದಿಲ್ಲ.

ವಿಷಯ ಇಷ್ಟು. ಒಂಬತ್ತು ಶಾಖೆಗಳಲ್ಲಿ ನಿಮ್ಮ ಶಾಖೆಯ ಫೋನ್ ಬಿಲ್ಲೇ ಎಲ್ಲಕ್ಕಿಂತ ದಪ್ಪ. ಹೊಸ ಎಕ್ಸ್‌ಚೇಂಜ್ ಪೆಟ್ಟಿಗೆ ಹಾಕಿದೆವಲ್ಲ, ಅದು ಯಾವ ಮೇಜಿನ ಫೋನಿನಿಂದ, ಎಷ್ಟು ಹೊತ್ತಿಗೆ, ಯಾವ ನಂಬರಿಗೆ, ಎಷ್ಟು ನಿಮಿಷ ಎಂದು ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸುತ್ತದೆ. ನಂಬರಿನ ಕೊನೆಯ ನಾಲ್ಕು ಅಂಕಿಗಳ ಜಾಗದಲ್ಲಿ ಮಾತ್ರ ನಕ್ಷತ್ರ ಬೀಳುತ್ತದೆ. ಅದು ನನ್ನದೇ ಸಲಹೆ. ದೊಡ್ಡ ಸಾಹೇಬರುಗಳಿಗೆ ತಾವು ಯಾರ ಜೊತೆ ಮಾತಾಡುತ್ತೇವೆಂದು ಗುಮಾಸ್ತರಿಗೆ ತಿಳಿಯುವುದು ಇಷ್ಟವಿರಲಿಲ್ಲ. ನಕ್ಷತ್ರ ಹಾಕಿಸಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಸಹಿ ಹಾಕಿದರು.

ಈಗ ಮುಖ್ಯ ಮಾತು. ನಿಮ್ಮ ರವಾನೆ ಕೋಣೆಯ ಎಕ್ಸ್‌ಟೆನ್ಷನ್ 14. ಶಾಲೆಯ ಗಂಟೆ ಹೊಡೆದ ಹಾಗೆ ದಿನವೂ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಅಲ್ಲಿಂದ ನಮ್ಮ ಈ ಊರಿಗೇ ಒಂದು ಕರೆ. ಹದಿನೆಂಟು ನಿಮಿಷ, ಒಮ್ಮೊಮ್ಮೆ ಇಪ್ಪತ್ತು. ಆ ಕೋಣೆಯಲ್ಲಿ ಕೂರುವವರು ಮೂವರು: ನೀನು, ಬಿಲ್ಲು ಬರೆಯುವವರು, ಲಾರಿ ನೋಡಿಕೊಳ್ಳುವ ಮೇಸ್ತ್ರಿ. ನಿನ್ನನ್ನು ಬಿಟ್ಟರೆ ಉಳಿದವರು ಇಬ್ಬರು. ಸ್ವಲ್ಪ ಕಣ್ಣಿಟ್ಟಿರು. ಸಿಕ್ಕಿಬಿದ್ದವರಿಗೆ ಮೊದಲು ಮೆಮೋ, ಎರಡನೇ ಸಲ ಮನೆಯ ದಾರಿ. ಡಿಸೆಂಬರ್ ಒಳಗೆ ಬಿಲ್ಲು ಅರ್ಧಕ್ಕಿಳಿದರೆ ಒಂಬತ್ತೂ ಶಾಖೆಗಳ ಮೇಲ್ವಿಚಾರಣೆ ನನಗೆ ಎಂದು ಹೇಳಿದ್ದಾರೆ.

ನಮ್ಮ ಪುಟ್ಟ ಮುದುಕಿ ಆರಾಮಾಗಿದ್ದಾಳೆ. ಒಂಬತ್ತು ವರ್ಷ ತುಂಬಿದ ಮೇಲೆ ಮಾತು ಇನ್ನೂ ಮಾಗಿದೆ. ಮೊನ್ನೆ ನನಗೆ, "ಅಪ್ಪ, ನಿನಗೂ ವಯಸ್ಸಾಯ್ತು, ಛತ್ರಿ ಹಿಡ್ಕೊಂಡು ಹೋಗು" ಎಂದಳು. ಸುಮ್ಮನೆ ಇಟ್ಟ ಅಡ್ಡಹೆಸರಲ್ಲ ನೋಡು.

ನಿನ್ನ ತಮ್ಮ


ರವಾನೆ ವಿಭಾಗ
ಸೆಪ್ಟೆಂಬರ್ 11

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ತೇದಾರಿ ಪತ್ರ ತಲುಪಿತು. ಬಿಲ್ಲು ಬರೆಯುವವರಿಗೆ ಎರಡೂ ಕಿವಿ ಮಂದ. ಫೋನ್ ಬಡಿದುಕೊಂಡರೂ ಯಾರಾದರೂ ಭುಜ ತಟ್ಟಬೇಕು. ಮೇಸ್ತ್ರಿಗಂತೂ ಫೋನೇ ಬೇಡ. ಅವರು ಕಿಟಕಿಯಲ್ಲಿ ನಿಂತು ಕೂಗಿದರೆ ನಿಮ್ಮೂರಿಗೇ ಕೇಳಿಸೀತು. ಸುಮ್ಮನೆ ಅವರಿಬ್ಬರ ಮೇಲೆ ಗೂಬೆ ಕೂರಿಸಬೇಡ.

ನಾಲ್ಕೂ ಇಪ್ಪತ್ತು ಅಂದರೆ ಮಕ್ಕಳು ಶಾಲೆ ಮುಗಿಸಿ ಮನೆ ಸೇರುವ ಹೊತ್ತು. ಆ ಹೊತ್ತಿಗೆ ಯಾರಿಗೋ ಯಾರನ್ನೋ ವಿಚಾರಿಸಿಕೊಳ್ಳಬೇಕು ಅನ್ನಿಸಿದರೆ ಅದನ್ನು ಕಳ್ಳತನ ಅನ್ನುತ್ತೀಯಾ?

ಅಂದ ಹಾಗೆ, ನಮ್ಮ ಮುದುಕಿ ಶಾಲೆಯಿಂದ ಬಂದ ಮೇಲೆ ನೀನು ಬರುವ ತನಕ ಎಲ್ಲಿರುತ್ತಾಳೆ? ಅವಳಮ್ಮ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಇಷ್ಟು ಪತ್ರಗಳಲ್ಲಿ ನೀನು ಒಮ್ಮೆಯೂ ಆ ಮಾತು ಎತ್ತಿಲ್ಲ. ಎತ್ತು ಅಂತ ಬಲವಂತವಿಲ್ಲ. ಮಗು ಎಲ್ಲಿರುತ್ತದೆ ಅನ್ನುವುದನ್ನಷ್ಟು ಸರಿಯಾಗಿ ವಿಚಾರಿಸಿ ಬರೆ.

ಅವಳ ಎಡಗಾಲಿನ ಶೂ ಬೆರಳಿನ ಹತ್ತಿರ ಕಚ್ಚುತ್ತದೆ. ಹೊಸದು ಕೊಡಿಸು.

ಅಕ್ಕ


ಮುಖ್ಯ ಕಚೇರಿ
ಸೆಪ್ಟೆಂಬರ್ 17

ಅಕ್ಕಾ,

ಶೂ ವಿಷಯ ನಿಜ. ನೋಡಿದರೆ ಬೊಬ್ಬೆಯೇ ಎದ್ದಿತ್ತು. ಹೊಸದು ಕೊಡಿಸಿದೆ. ನಿನಗೆ ಹೇಗೆ ತಿಳಿಯಿತೋ, ನಾನೇ ಹಿಂದೆ ಯಾವಾಗಲೋ ಬರೆದಿದ್ದೆನೇನೋ.

ಮಗುವಿನ ಚಿಂತೆ ಬಿಡು. ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯ ಟೀಚರ್ ಹತ್ತಿರ ಇರುತ್ತಾಳೆ. ನಾನು ಏಳಕ್ಕೆ ಬರುವ ಹೊತ್ತಿಗೆ ಮನೆಗೆ ಬಂದಿರುತ್ತಾಳೆ. ಅವಳ ಕೊರಳಲ್ಲಿ ಒಂದು ಬೀಗದ ಕೈ ಇದೆ, ಅದು ಅಕಸ್ಮಾತ್ತಿಗೆ. ಎಲ್ಲ ವ್ಯವಸ್ಥೆಯೂ ಆಗಿದೆ.

ಇನ್ನು 14ರ ಮಾತು. ಕಳ್ಳತನವೋ ಅಲ್ಲವೋ, ಪೆಟ್ಟಿಗೆಗೆ ಕರುಳಿಲ್ಲ, ನಿಮಿಷ ಮಾತ್ರ ಗೊತ್ತು. ಇವತ್ತು ಇಲ್ಲಿಂದಲೇ ಮೋಡೆಮ್ ಮೂಲಕ ಒಂದು ಆಜ್ಞೆ ಕಳಿಸಿದ್ದೇನೆ. ಇನ್ನು ನಿಮ್ಮ ಶಾಖೆಯಿಂದ ಹೋಗುವ, ಅಲ್ಲಿಗೆ ಬರುವ ಯಾವ ದೂರದ ಕರೆಯಾದರೂ ಮೂರು ನಿಮಿಷಕ್ಕೆ ತಾನಾಗಿ ಕಡಿದುಹೋಗುತ್ತದೆ. ಕೆಲಸದ ಮಾತಿಗೆ ಮೂರು ನಿಮಿಷ ಧಾರಾಳ ಸಾಕು.

ನಮ್ಮ ಮನೆಯ ಫೋನಿಗೂ ಬೀಗ ಹಾಕಿಸಿದ್ದೇನೆ. ಒಳಗೆ ಬರುವ ಕರೆ ಬರುತ್ತದೆ, ಹೊರಗೆ ಊರೊಳಗಿನದು ಮಾತ್ರ. ಇನ್ನೊಬ್ಬರಿಗೆ ಬುದ್ಧಿ ಹೇಳುವವನು ಮೊದಲು ತಾನು ಮಾಡಿ ತೋರಿಸಬೇಕಲ್ಲ.

ತಮ್ಮ


ರವಾನೆ ವಿಭಾಗ
ಸೆಪ್ಟೆಂಬರ್ 30

ತಮ್ಮನಿಗೆ ಆಶೀರ್ವಾದ.

ನಿನ್ನ ಮೂರು ನಿಮಿಷದ ಕತ್ತರಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಸೋಮವಾರ ಮ್ಯಾನೇಜರು ಒಬ್ಬ ಗಿರಾಕಿಯ ಕೋಪ ಇಳಿಸುತ್ತಿದ್ದರು. ಕ್ಷಮೆ ಕೇಳುವ ಹೊತ್ತಿಗೆ ಸರಿಯಾಗಿ ಕಡಿಯಿತು. ಇವರೇ ಫೋನ್ ಕುಕ್ಕಿದರು ಎಂದುಕೊಂಡು ಆತ ಸರಕನ್ನೇ ವಾಪಸ್ಸು ಕಳಿಸಿದ. ಬುಧವಾರ ಒಬ್ಬ ಡ್ರೈವರು, "ಆಕ್ಸಲ್ ಮುರ್ದೋಗಿದೆ ಮೇಸ್ತ್ರಿ, ನಾನೀಗ ಇರೋದು..." ಎನ್ನುವಷ್ಟರಲ್ಲಿ ಕಡಿಯಿತು. ಅವನು ಎಲ್ಲಿದ್ದಾನೆಂದು ಸಂಜೆಯ ತನಕ ಹುಡುಕಿದರು. ಮೇಸ್ತ್ರಿ ನಿನ್ನನ್ನು ಬೈದದ್ದು ನಿಮ್ಮ ಕಚೇರಿಗೆ ಕೇಳಿಸಿರಬೇಕು.

ನಿನ್ನ ಮೋಡೆಮ್ ನಮ್ಮ ಪೆಟ್ಟಿಗೆಗೆ ದಿನಾ ಎಷ್ಟು ಹೊತ್ತು ಫೋನ್ ಮಾಡುತ್ತದೆ? ಅದಕ್ಕೂ ಮೂರೇ ನಿಮಿಷವೋ?

ಪಕ್ಕದ ಮನೆಯ ಟೀಚರನ್ನು ನೀನು ಮಾತಾಡಿಸಿ ಎಷ್ಟು ದಿನವಾಯಿತು? ಒಂದು ಸಲ ಹೋಗಿ ಬಾ. ಕೈ ಮುಗಿದು ಕೇಳುತ್ತೇನೆ.

ಅಕ್ಕ


ಮುಖ್ಯ ಕಚೇರಿ
ಅಕ್ಟೋಬರ್ 6

ಅಕ್ಕಾ,

ನಿಮ್ಮ ಕೋಣೆಯವರ ಹಠ ನೋಡಿ ನನಗೆ ನಗು ಬಂತು. ಕಳೆದ ವಾರದ ಕಾಗದ ನನ್ನ ಮುಂದಿದೆ. 4:20, ಮೂರು ನಿಮಿಷ. 4:23, ಮೂರು ನಿಮಿಷ. 4:27, ಮೂರು ನಿಮಿಷ. ಕಡಿದಾಗಲೆಲ್ಲ ಮತ್ತೆ ಹಚ್ಚಿದ್ದಾರೆ, ದಿನಕ್ಕೆ ಆರು ಸಲ! ಕೊನೆಯ ನಾಲ್ಕು ಅಂಕಿ ಕಾಣದಿದ್ದರೂ ಮೊದಲ ಮೂರು ನಮ್ಮ ಬಡಾವಣೆಯವೇ. ನಮ್ಮ ಬೀದಿಯಲ್ಲೇ ಯಾರೋ ಫೋನಿನ ಪಕ್ಕ ಕಾದು ಕೂರುವವರಿದ್ದಾರೆ. ಹಾಲು ತರಲು ಹೋದಾಗ ಎಲ್ಲರ ಮುಖವನ್ನೂ ಅನುಮಾನದಿಂದ ನೋಡುವ ಹಾಗಾಗಿದೆ. ನಕ್ಷತ್ರ ತೆಗೆಸಬೇಕಾದರೆ ದೊಡ್ಡ ಸಾಹೇಬರ ಲಿಖಿತ ಒಪ್ಪಿಗೆ ಬೇಕು. ಅವರು ಕೊಡುವುದಿಲ್ಲ.

ಇರಲಿ. ನಾಳೆಯಿಂದ 14ರಲ್ಲಿ ದೂರದ ಕರೆಯೇ ಹೋಗುವುದಿಲ್ಲ. ಬೇಕಾದವರು ಮ್ಯಾನೇಜರ ಕೋಣೆಗೆ ಹೋಗಿ, ರಿಜಿಸ್ಟರಿನಲ್ಲಿ ಹೆಸರು, ಕಾರಣ ಬರೆದು, ಅವರ ಗುಪ್ತ ಸಂಖ್ಯೆ ಒತ್ತಿಸಿ ಮಾತಾಡಲಿ. ಮಾನವಿದ್ದವರು ಯಾರೂ ಹೋಗುವುದಿಲ್ಲ ನೋಡುತ್ತಿರು.

ಟೀಚರ ಮನೆಗೆ ಹೋಗಲು ಆಗಲಿಲ್ಲ. ಬರುವಾಗಲೇ ಏಳಾಗಿರುತ್ತದೆ. ಮುದುಕಿ ಆಗಲೇ ನಮ್ಮ ಮನೆಗೆ ಬಂದು ದೀಪ ಹಾಕಿ ಓದುತ್ತಾ ಕೂತಿರುತ್ತಾಳೆ. ಒಳ್ಳೆಯ ಮಗು ಅದು.

ತಮ್ಮ


ರವಾನೆ ವಿಭಾಗ
ಅಕ್ಟೋಬರ್ 13

ತಮ್ಮಾ,

ಈ ಪತ್ರದಲ್ಲಿ ತಮಾಷೆ ಇಲ್ಲ. 14ರಿಂದ ಒಂದು ಕರೆಗೆ ದಾರಿ ಬಿಡು. ನಾಲ್ಕೂ ಇಪ್ಪತ್ತಕ್ಕೆ, ಐದೇ ನಿಮಿಷ. ಅದೂ ಆಗದಿದ್ದರೆ ಬರೀ ರಿಂಗ್ ಆದರೂ ಹೋಗಲಿ.

ಮ್ಯಾನೇಜರ ಕೋಣೆಗೆ ಹೋಗಿ, ರಿಜಿಸ್ಟರಿನಲ್ಲಿ ಕಾರಣ ಬರೆಯುವ ಜಾಗ ನೋಡಿ, ಪೆನ್ನು ಕೆಳಗಿಟ್ಟು ವಾಪಸ್ಸು ಬಂದವರಿದ್ದಾರೆ. ಹೊರಗಿನ ಬೂತಿಗೆ ಹೋಗೋಣವೆಂದರೆ ಐದೂವರೆಯ ತನಕ ಗೇಟು ತೆಗೆಯುವುದಿಲ್ಲ. ಬಿಲ್ಲಿಗೆ ಎಷ್ಟಾಗುತ್ತದೋ ನನ್ನ ಸಂಬಳದಲ್ಲಿ ಹಿಡಿ. ಯಾರು, ಯಾಕೆ ಎಂದು ಮಾತ್ರ ಕೇಳಬೇಡ. ಮಾತು ಕೊಟ್ಟಿದ್ದೇನೆ. ನಿನ್ನಕ್ಕ ಇಷ್ಟು ವರ್ಷದಲ್ಲಿ ನಿನ್ನನ್ನು ಬಾಯಿಬಿಟ್ಟು ಏನನ್ನೂ ಕೇಳಿಲ್ಲ.

ಅಕ್ಕ


ಮುಖ್ಯ ಕಚೇರಿ
ಅಕ್ಟೋಬರ್ 20

ಅಕ್ಕಾ,

ಆಗುವುದಿಲ್ಲ. ನಿನ್ನ ಮಾತಿಗೆ ಒಂದು ಕರೆ ಬಿಟ್ಟರೆ ನಾಳೆ ಒಂಬತ್ತೂ ಶಾಖೆಯಲ್ಲಿ ನನಗೆ ಒಬ್ಬೊಬ್ಬ ಅಕ್ಕ ಹುಟ್ಟಿಕೊಳ್ಳುತ್ತಾಳೆ.

ಯಾರ ಪರವಾಗಿ ಕೇಳುತ್ತಿದ್ದೀಯ ಎಂದು ಊಹಿಸಬಲ್ಲೆ. ಮೇಸ್ತ್ರಿಗೆ ಈ ಊರಿನಲ್ಲಿ ಯಾರೋ ಬೇಕಾದವರಿದ್ದಾರೆ, ನಿನ್ನ ಮುಂದೆ ಗೋಳು ಹೇಳಿಕೊಂಡಿದ್ದಾರೆ, ನೀನು ಕರಗಿದ್ದೀಯ. ಚಿಕ್ಕಂದಿನಿಂದಲೂ ನಿನ್ನದು ಇದೇ ಕಥೆ. ಅವರ ಹೆಸರು ಬರೆಯಲೆಂದು ಒಂದು ಮೆಮೋ ಸಿದ್ಧ ಮಾಡಿದ್ದೆ. ನಿನ್ನ ಮುಖ ನೋಡಿ ತಡೆದಿದ್ದೇನೆ. ಕರೆ ನಿಂತಿತಲ್ಲ, ಅಷ್ಟು ಸಾಕು.

ತಮ್ಮ


ಮುಖ್ಯ ಕಚೇರಿ
ನವೆಂಬರ್ 18

ಅಕ್ಕಾ,

ಐದು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮುನಿಸು ಎಂದು ಗೊತ್ತು. ಆದರೂ ಸಂತೋಷದ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ? ನಿಮ್ಮ ಶಾಖೆಯ ಬಿಲ್ಲು ಅರ್ಧಕ್ಕಿಂತ ಕೆಳಗಿಳಿದಿದೆ. ದೊಡ್ಡ ಸಾಹೇಬರು ಎಲ್ಲರ ಮುಂದೆ ಕೈ ಕುಲುಕಿದರು. ಜನವರಿಯಿಂದ ಒಂಬತ್ತು ಶಾಖೆಗಳನ್ನೂ ಸುತ್ತಬೇಕು. ತಿಂಗಳಲ್ಲಿ ಹದಿನೈದು ದಿನ ಪ್ರಯಾಣ.

ಇನ್ನೊಂದು ವಿಷಯ, ಇದು ಮನೆಯದು. ಮುದುಕಿಗೆ ಈಚೆಗೆ ನನ್ನ ಮೇಲೆ ಪ್ರೀತಿ ಉಕ್ಕಿದೆ. ಮೊದಲೆಲ್ಲ ನಾನು ಬಂದಾಗ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಈಗ ಒಂದೂವರೆ ತಿಂಗಳಿಂದ ಬೀದಿ ತಿರುಗುತ್ತಿದ್ದಂತೆ ಕಾಣುತ್ತದೆ, ಹೊರಗೆ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ನನಗಾಗಿ ಕಾಯುತ್ತಾ ಕೂತಿರುತ್ತಾಳೆ. ಚಳಿಯಲ್ಲಿ ಯಾಕೆ ಕೂತೆ ಎಂದರೆ, "ಒಳಗೆ ಬೇಜಾರು, ನೀನು ಬರ್ತೀಯಲ್ಲ ಅಂತ" ಎನ್ನುತ್ತಾಳೆ. ಬಾಗಿಲು ತೆಗೆದರೆ ನನ್ನ ಅಂಗಿ ಹಿಡಿದುಕೊಂಡೇ ಒಳಗೆ ಬರುತ್ತಾಳೆ. ತಾಯಿಯಿಲ್ಲದ ಮಗು ತಂದೆಗೆ ಅಂಟಿಕೊಳ್ಳುವುದು ಎಂದರೆ ಹೀಗೇ ಏನೋ. ನನಗಂತೂ ದಿನದ ಆಯಾಸವೆಲ್ಲ ಇಳಿಯುತ್ತದೆ.

ಈಗಲಾದರೂ ಬರೆ.

ತಮ್ಮ


ರವಾನೆ ವಿಭಾಗ
ನವೆಂಬರ್ 22

ತಮ್ಮಾ,

ಅವಳು ನಿನಗಾಗಿ ಕಾಯುತ್ತಿಲ್ಲ. ಒಬ್ಬಳೇ ಮನೆಯೊಳಗೆ ಕಾಲಿಡಲು ಹೆದರಿ ಹೊರಗೆ ಕೂತಿದ್ದಾಳೆ. ನಾಲ್ಕೂ ಇಪ್ಪತ್ತರಿಂದ ಏಳು ಗಂಟೆಯ ತನಕ, ಒಂದೂವರೆ ತಿಂಗಳಿಂದ.

ಟೀಚರ ಮನೆಯಲ್ಲಿ ಅವರ ಅತ್ತೆ ಆಗಸ್ಟಿನಿಂದ ಹಾಸಿಗೆ ಹಿಡಿದಿದ್ದಾರೆ. ಮುದುಕಿ ಕೂತು ಓದುತ್ತಿದ್ದ ಕೋಣೆಯಲ್ಲಿ ಈಗ ಅವರ ಮಂಚವಿದೆ. ಟೀಚರ್ ಬೇಡವೆನ್ನಲಿಲ್ಲ, ಇವಳೇ ಅವರ ಅವಸ್ಥೆ ನೋಡಿ, "ಅಪ್ಪ ಈಗ ಬೇಗ ಬರ್ತಾರೆ" ಎಂದು ಸುಳ್ಳು ಹೇಳಿ ಹೋಗುವುದು ಬಿಟ್ಟಳು. ನಿನಗೆ ಹೇಳಲಿಲ್ಲ. ಆಗಸ್ಟಿನಲ್ಲಿ ಒಂದು ಸಂಜೆ ನನಗೆ ಇಲ್ಲಿಗೆ ಫೋನ್ ಮಾಡಿದಳು. "ಸುಮ್ನೆ ಮಾಡ್ದೆ ಅತ್ತೆ" ಎಂದಳು. ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ಬಾಯಿ ಬಿಡಿಸಲು ಹತ್ತು ನಿಮಿಷ ಬೇಕಾಯಿತು. ಬೀಗ ತೆಗೆದಾಗ ಮನೆ ಸುಮ್ಮನಿರುತ್ತದಲ್ಲ, ಅದು ಅವಳಿಗೆ ತಡೆಯುವುದಿಲ್ಲವಂತೆ. ಅಮ್ಮ ಇದ್ದಾಗ ಒಳಗೆ ಏನಾದರೊಂದು ಸದ್ದು ಇರುತ್ತಿತ್ತು ಎಂದಳು.

ಹಾಗಾಗಿ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಅವಳು ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ನಾನು ಫೋನ್ ಮಾಡುವುದು. ಒಳಗೆ ಫೋನ್ ಬಡಿದುಕೊಳ್ಳುತ್ತಿದ್ದರೆ ಮನೆಯಲ್ಲಿ ಯಾರೋ ಕರೆಯುತ್ತಿರುವ ಹಾಗೆ, ಓಡಿ ಒಳಗೆ ಹೋಗುತ್ತಿದ್ದಳು. ದೀಪ ಹಾಕಿ, ಏನಾದರೂ ತಿಂದು, ಪುಸ್ತಕ ತೆರೆಯುವ ತನಕ ನಾನು ಇರುತ್ತಿದ್ದೆ. ಆಮೇಲೆ ಅವಳಿಗೆ ಭಯವಿರುತ್ತಿರಲಿಲ್ಲ. ನಿನಗೆ ಹೇಳಿದರೆ ಠೂ ಬಿಡುತ್ತೇನೆ ಎಂದು ಆಣೆ ಹಾಕಿಸಿಕೊಂಡಿದ್ದಳು. "ಅಪ್ಪನಿಗೆ ಹೇಳಿದ್ರೆ ಮುಖ ಚಿಕ್ಕದು ಮಾಡ್ಕೋತಾರೆ, ನಂಗೆ ನೋಡಕ್ಕಾಗಲ್ಲ" ಎಂದಳು.

ಎಕ್ಸ್‌ಟೆನ್ಷನ್ 14 ನಾನು. ಮೇಸ್ತ್ರಿ ಅಲ್ಲ. ಮೆಮೋ ನನ್ನ ಹೆಸರಿಗೆ ಕಳಿಸು. ಆಫೀಸಿನ ಫೋನ್ ಬಳಸಿದ್ದು ತಪ್ಪು, ಒಪ್ಪುತ್ತೇನೆ. ಮಗುವಿನ ಆಣೆಗೆ ಕಟ್ಟುಬಿದ್ದು ನಿನಗೆ ಹೇಳದೆ ಉಳಿದದ್ದು ಅದಕ್ಕಿಂತ ದೊಡ್ಡ ತಪ್ಪು. ಕರೆ ನಿಂತ ಮೇಲೆ ಅವಳಿಗೆ ಅಭ್ಯಾಸವಾಗಿರಬಹುದು ಎಂದುಕೊಂಡು, ನಿನ್ನ ಮೇಲೆ ಮುನಿಸಿಕೊಂಡು ಇಲ್ಲಿ ಕೂತೆ. ಇವತ್ತು ನಿನ್ನ ಪತ್ರ ಓದಿ ರವಾನೆ ಚೀಟಿಗಳ ಮೇಲೆ ತಲೆಯಿಟ್ಟು ಅತ್ತೆ. ಮೇಸ್ತ್ರಿ ನೀರು ತಂದುಕೊಟ್ಟರು.

ತಕ್ಷಣ ನಿನ್ನ ಕಚೇರಿಗೆ ಫೋನ್ ಮಾಡೋಣವೆಂದು ಮ್ಯಾನೇಜರ ಕೋಣೆಗೆ ಓಡಿದೆ. ಗಾಬರಿಯಲ್ಲಿ ಅವರು ಗುಪ್ತ ಸಂಖ್ಯೆಯನ್ನು ಮೂರು ಸಲ ತಪ್ಪು ಒತ್ತಿದರು. ನಿನ್ನ ಪೆಟ್ಟಿಗೆ ಸೋಮವಾರದ ತನಕ ಬಾಯಿ ಮುಚ್ಚಿಕೊಂಡಿದೆ. ನಮ್ಮ ಗೇಟು ತೆಗೆಯುವ ಹೊತ್ತಿಗೆ ನಿಮ್ಮ ಕಚೇರಿಯಲ್ಲಿ ಫೋನ್ ಎತ್ತುವವರು ಹೋಗಿರುತ್ತಾರೆ. ರಾತ್ರಿ ಬೂತಿನಿಂದ ಮನೆಗೆ ಮಾಡಬಹುದು, ಆದರೆ ಆಗ ಅವಳು ನಿನ್ನ ಪಕ್ಕದಲ್ಲೇ ಇರುತ್ತಾಳೆ, ಇದು ಅವಳೆದುರು ಕೇಳುವ ಮಾತಲ್ಲ. ನಿಮ್ಮೂರಿಗೆ ಹೊರಟಿರುವ ಲಾರಿಯವರ ಕೈಗೆ ಈ ಪತ್ರ ಕೊಡುತ್ತಿದ್ದೇನೆ. ನಾಳೆ ಮಧ್ಯಾಹ್ನ ನಿನಗೆ ಸಿಗುತ್ತದೆ. ಓದಿದ ಕೂಡಲೇ ಮನೆಗೆ ಹೋಗು.

ಅಕ್ಕ


ಮನೆ
ನವೆಂಬರ್ 24

ಅಕ್ಕಾ,

ನಿನ್ನೆ ಎರಡು ಗಂಟೆಗೆ ಲಾರಿಯವರು ಪತ್ರ ಕೊಟ್ಟರು. ಎರಡು ಸಲ ಓದಿದೆ. ಮೂರೂವರೆಗೆ ಮೇಲಧಿಕಾರಿಗೆ ಮನೆಗೆ ಹೋಗಬೇಕು ಎಂದೆ. "ಹುಷಾರಿಲ್ವಾ?" ಎಂದರು. "ಹುಷಾರಾಗಿದ್ದೀನಿ" ಎಂದು ಹೊರಟುಬಿಟ್ಟೆ.

ಮೊದಲು ಕಚೇರಿಯ ಮಾತು ಮುಗಿಸುತ್ತೇನೆ. 14ರ ಕರೆಗಳೆಲ್ಲ ನನ್ನ ಮನೆಗೆ ಬಂದದ್ದು, ಹೊಣೆ ನನ್ನದು, ಹಣ ನನ್ನ ಸಂಬಳದಲ್ಲಿ ಹಿಡಿಯಿರಿ ಎಂದು ಬರೆದುಕೊಟ್ಟಿದ್ದೇನೆ. ನಿನಗೆ ಮೆಮೋ ಬರುವುದಿಲ್ಲ. ಪ್ರಯಾಣದ ಕೆಲಸ ಬೇಡವೆಂದೆ. ಬೆಳಗಿನ ಪಾಳಿ ಕೇಳಿದ್ದೇನೆ, ಏಳರಿಂದ ಮೂರು. ಕೊಟ್ಟರೆ ಸಂಬಳ ಸ್ವಲ್ಪ ಇಳಿಯುತ್ತದೆ. ಮೇಸ್ತ್ರಿಗೆ ನನ್ನ ಪರವಾಗಿ ಕ್ಷಮೆ ಕೇಳು.

ಒಂದು ವಿಷಯ ನಿನಗೂ ಹೇಳಿರಲಿಲ್ಲ. ನನ್ನ ಕೆಲಸ ಐದಕ್ಕೇ ಮುಗಿಯುತ್ತದೆ. ಅವಳಮ್ಮ ಹೋದ ಮೇಲೆ ಆ ಬಾಗಿಲು ತೆಗೆಯುವುದು ನನಗೂ ಕಷ್ಟವೇ. ಅದಕ್ಕೇ ಏಳರ ತನಕ ನಿಮ್ಮ ಕರೆಗಳ ಕಾಗದ ಹರಡಿಕೊಂಡು ಕೂರುತ್ತಿದ್ದೆ. ಒಂದೇ ಮನೆಗೆ ಹೆದರಿ ಮಗು ಮೆಟ್ಟಿಲ ಮೇಲೆ, ನಾನು ಆಫೀಸಿನಲ್ಲಿ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ನಾನು ತಲುಪಿದಾಗ ನಾಲ್ಕೂ ಇಪ್ಪತ್ತು ದಾಟಿತ್ತು. ಅವಳು ಆಗಷ್ಟೇ ಬಂದು ಮೂರನೇ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿ ನಗಲಿಲ್ಲ. ಎದ್ದು ನಿಂತಳು.

"ನಿನ್ನನ್ನ ಕೆಲಸದಿಂದ ತೆಗೆದ್ರಾ ಅಪ್ಪ?"

"ಇಲ್ಲ ಕಣೇ."

"ಮತ್ತೆ ಇಷ್ಟು ಬೇಗ ಯಾಕ್ ಬಂದೆ?"

ಬೀಗ ತೆಗೆದೆ. ಅವಳು ಅಂಗಿ ಹಿಡಿದುಕೊಂಡಳು. ಒಳಗೆ ಹೋಗಿ ದೀಪ ಹಾಕಿದೆವು. ಚೀಲ ಕೆಳಗಿಡುತ್ತಾ, "ಅತ್ತೆ ಹೇಳ್ಬಿಟ್ರಾ?" ಎಂದಳು. ಹೌದೆಂದೆ. ಠೂ ಬಿಡುವ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲವಂತೆ. ಹದಿನೆಂಟು ನಿಮಿಷ ಅತ್ತೆ ಹತ್ತಿರ ಏನು ಮಾತಾಡ್ತಿದ್ದೆ ಎಂದು ಕೇಳಿದೆ. "ಏನೂ ಇಲ್ಲ. ಅತ್ತೆ ಚೀಟಿ ಬರೀತಾ ಇರ್ತಾರೆ, ನಾನು ತಿಂಡಿ ತಿಂತಾ ಇರ್ತೀನಿ" ಎಂದಳು. ಆ ಕಾಗದಗಳಲ್ಲಿ ನಾನು ತಿಂಗಳುಗಟ್ಟಲೆ ಹುಡುಕಿದ ಮಾತು ಇಷ್ಟೇ.

ಅವಳು ಪುಸ್ತಕ ತೆರೆದಳು. ನಾನು ಅವಳ ಬೆನ್ನ ಹಿಂದಿನ ಕುರ್ಚಿಯಲ್ಲಿ, ಓದಿಗೆ ತೊಂದರೆಯಾಗಬಾರದೆಂದು ಉಸಿರು ಬಿಗಿಹಿಡಿದು ಕೂತೆ. ಹತ್ತು ನಿಮಿಷವಾಗಿರಬೇಕು, ಪೆನ್ಸಿಲ್ ನಿಂತಿತು. ತಿರುಗಿ ನೋಡದೆಯೇ ಹೇಳಿದಳು:

"ಅತ್ತೆ ಆದ್ರೆ ಫೋನಲ್ಲಿ ಉಸಿರಾಡೋದು ಕೇಳಿಸುತ್ತೆ ಅಪ್ಪ. ನೀನು ಇದ್ದೀಯೋ ಇಲ್ವೋ ಗೊತ್ತೇ ಆಗಲ್ಲ."

ಆಮೇಲೆ ಅವಳು ಪುಸ್ತಕ ಮುಚ್ಚುವ ತನಕ ನಾನು ಆಗಾಗ ಕೆಮ್ಮುತ್ತಾ ಕೂತಿದ್ದೆ.

ನಿನ್ನ ತಮ್ಮ